ಹೊದಿಕೆಯ ಅಡಿಯ ಒಂಬತ್ತು ನಿಮಿಷ

ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಎರಡೂವರೆಗೆ ರೋಗಿಗಳ ಧ್ಯಾನ, ಮೂರೂಕಾಲಿಗೆ ಸಿಬ್ಬಂದಿಯದು. ನಾನು ಎರಡು ಗಂಟೆಗೇ ಆ ಕೋಣೆಯಲ್ಲಿರುತ್ತಿದ್ದೆ. ಕುರ್ಚಿಗಳನ್ನು ಗೋಡೆಗೆ ಸರಿಸಿ, ವೀಲ್‌ಚೇರ್‌ಗಳಿಗೆ ಜಾಗ ಬಿಟ್ಟು, ಪರದೆಯನ್ನು ಅರ್ಧಕ್ಕೆ ಇಳಿಸಿ, ಗಡಿಯಾರವನ್ನು ನನಗೊಬ್ಬಳಿಗೇ ಕಾಣುವಂತೆ ಮೇಜಿನ ಮೇಲಿಡುತ್ತಿದ್ದೆ. ಲೊಂಬಾರ್ಡ್‌ನ ಮಗಳ ಮನೆಯಿಂದ ಆ ಪುನರ್ವಸತಿ ಆಸ್ಪತ್ರೆಗೆ ಹನ್ನೊಂದು ಮೈಲಿ. ಅರವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವಳು ನಾನು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿದ್ದು ಒಂದೇ ಸಲ, ಅದೂ ಮೊದಲ ವಾರ.

ಅಮೆರಿಕಕ್ಕೆ ಬರುವ ಮೊದಲು ಮೂವತ್ತೊಂದು ವರ್ಷ ದಾವಣಗೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಆರಕ್ಕೆ ಹೊದಿಕೆ ತಪಾಸಣೆ. ಹೊದಿಕೆಯ ಅಂಚನ್ನು ಹಾಸಿಗೆಯ ಎರಡೂ ಬದಿಗೆ ಬಿಗಿಯಾಗಿ ಸಿಕ್ಕಿಸಿರಬೇಕು, ಸುಕ್ಕು ಕಾಣಬಾರದು. ಅದಕ್ಕೂ ಮೊದಲು, ನಾಲ್ಕೂವರೆಗೆ, ನನ್ನ ಧ್ಯಾನ. ಜ್ವರ ಬಂದ ದಿನವೂ ಅದನ್ನು ಬಿಟ್ಟವಳಲ್ಲ. ಮಗಳ ಮನೆಯಲ್ಲಿ ಎಲ್ಲರೂ ಎಂಟಕ್ಕೆ ಹೊರಟುಹೋದ ಮೇಲೆ ದಿನಕ್ಕೆ ತಲೆಬುಡ ಇರುತ್ತಿರಲಿಲ್ಲ. ಆದ್ದರಿಂದ ಆಸ್ಪತ್ರೆಯವರು ಸ್ವಯಂಸೇವಕರನ್ನು ಹುಡುಕುತ್ತಿದ್ದಾರೆಂದು ತಿಳಿದಾಗ ಅರ್ಜಿ ಹಾಕಿದೆ.

ಮೊದಲ ದಿನ ಅಲ್ಲಿನ ಹೆಡ್ ನರ್ಸ್ ನನ್ನನ್ನು ಒಂದು ಗಂಟೆ ಕೂರಿಸಿಕೊಂಡು ಪಾಠ ಮಾಡಿದರು. ಎತ್ತರದ ಕಪ್ಪು ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನಡಿಗೆ ಮಾತ್ರ ನನ್ನ ಹಾಗೇ, ವಾರ್ಡನ್ನಿನದು.

"ಕುತ್ತಿಗೆಗೆ, ಎದೆಯ ಮೇಲ್ಭಾಗಕ್ಕೆ ಪೆಟ್ಟು ಬಿದ್ದವರ ವಿಷಯದಲ್ಲಿ ಹುಷಾರು," ಎಂದರು. "ಅವರ ಮೈಯ ಕೆಳಭಾಗದಲ್ಲಿ ಎಲ್ಲಾದರೂ ತೊಂದರೆ ಆದರೆ, ಮೂತ್ರ ಕಟ್ಟಿಕೊಂಡರೆ, ಏನಾದರೂ ಒತ್ತಿದರೆ, ಅವರಿಗೆ ನೋವು ಗೊತ್ತಾಗೋದಿಲ್ಲ. ರಕ್ತದೊತ್ತಡ ಮಾತ್ರ ಏರುತ್ತೆ. ಏರ್ತಾನೇ ಹೋಗುತ್ತೆ. ಮೆದುಳಿನಲ್ಲಿ ನರ ಒಡೆಯೋವರೆಗೂ."

ಲಕ್ಷಣಗಳು ಐದು. ತಲೆನೋವು, ಮುಖ ಕೆಂಪಾಗುವುದು, ಬೆವರು, ಮೈಮೇಲಿನ ಕೂದಲು ನಿಮಿರುವುದು, ಮೂಗು ಕಟ್ಟುವುದು. ಯಾವುದು ಕಂಡರೂ ಕೂಡಲೇ ಕೂಗಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ಪುಸ್ತಕ ಮುಚ್ಚಿಸಿ ಕೇಳಿದರು. ಐದನ್ನೂ ಅನುಕ್ರಮವಾಗಿ ಒಪ್ಪಿಸಿದೆ.

"ಗುಡ್. ಎಷ್ಟು ಹೊತ್ತು ಕಾಯಬಹುದು?"

"ಕಾಯಬಾರದು," ಎಂದೆ.

ಅವರು ತಲೆಯಾಡಿಸಿದರು. ಸಿಬ್ಬಂದಿಯ ಧ್ಯಾನಕ್ಕೆ ಅವರೂ ಬರುತ್ತಿದ್ದರು. ಆದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಇಪ್ಪತ್ತು ನಿಮಿಷವೂ ಕಣ್ಣು ತೆರೆದೇ ಇರುತ್ತಿದ್ದರು. ಉಳಿದ ನರ್ಸ್‌ಗಳು ಎರಡನೆಯ ನಿಮಿಷಕ್ಕೇ ತೂಕಡಿಸುತ್ತಿದ್ದರು. ಒಮ್ಮೆ, ನೀವೂ ಕಣ್ಣು ಮುಚ್ಚಬಾರದೇ ಎಂದು ಕೇಳಿದೆ.

"ನಾನೂ ಮುಚ್ಚಿಬಿಟ್ಟರೆ ಈ ಮಹಡಿಯಲ್ಲಿ ನೋಡ್ತಾ ಇರೋರು ಯಾರು?" ಎಂದು ನಕ್ಕರು. ನನಗೆ ಅದು ಅಹಂಕಾರದ ಮಾತಾಗಿ ಕೇಳಿಸಿತು.

ಡಿಸೆಂಬರ್ ಕೊನೆಯಲ್ಲಿ ಅವರು ಬಂದರು. ಅವರು ಎಂದರೆ ವಿಜಯಪುರದ ಕಡೆಯ ಎಂಜಿನಿಯರ್, ನಲವತ್ತೆರಡು ವಯಸ್ಸು, ಮನೆ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ಸೂರಿನ ಗಟರ್‌ನಲ್ಲಿ ತುಂಬಿದ್ದ ಎಲೆ ತೆಗೆಯಲು ಏಣಿ ಹತ್ತಿ ಬಿದ್ದಿದ್ದರು. ಕುತ್ತಿಗೆಯ ಬುಡದಲ್ಲಿ ಪೆಟ್ಟು. ತೋಳುಗಳು ಆಡುತ್ತಿದ್ದವು, ಬೆರಳು ಅಷ್ಟಕ್ಕಷ್ಟೆ. ಎದೆಯಿಂದ ಕೆಳಗೆ ಏನೂ ಇಲ್ಲ. ಮೈಸೂರಿನ ಕಡೆಯ ಅವರ ಹೆಂಡತಿ ಅವರನ್ನು ನನ್ನ ಕೋಣೆಗೆ ತಳ್ಳಿಕೊಂಡು ಬಂದರು.

"ಆಂಟಿ, ನೀವು ಕನ್ನಡದವ್ರು ಅಂತ ನರ್ಸ್ ಹೇಳಿದ್ರು. ಇವ್ರನ್ನ ಒಂದ್ ಸ್ವಲ್ಪ ಕೂರಿಸ್ಕೊಳ್ಳಿ. ರಾತ್ರಿಯೆಲ್ಲ ಏನೇನೋ ಯೋಚ್ನೆ ಮಾಡ್ತಾರೆ."

"ಕೂರಸೂದೇನು ಬಂತು," ಎಂದರು ಅವರು. "ನಾ ಕುಂತೇ ಇರ್ತೀನಲ್ಲ, ಮೂರು ಹೊತ್ತೂ. ಅಷ್ಟರಮಟ್ಟಿಗೆ ಪಾಸಾದಂಗ ನೋಡ್ರಿ."

ನಾನು ನಗಲಿಲ್ಲ. ನಿಯಮ ಹೇಳಿದೆ. ಇಪ್ಪತ್ತು ನಿಮಿಷ. ಕಣ್ಣು ತೆರೆಯಬಾರದು, ಮಾತಾಡಬಾರದು. ತುರಿಕೆ, ನೋವು, ಭಯ, ಯಾವುದು ಬಂದರೂ ಬರಲಿ, ಹೋಗಲಿ. ಸುಮ್ಮನೆ ನೋಡುತ್ತಿರಬೇಕು.

"ಬೆಂಕಿ ಬಿದ್ರೂ ರೀ?"

"ಬೆಂಕಿ ಬಿದ್ದರೆ ನಾನು ಹೇಳ್ತೀನಿ."

"ಹಂಗಾದ್ರ ಬರೋಬರಿ," ಎಂದು ಕಣ್ಣು ಮುಚ್ಚಿದರು.

ಮೊದಲ ಎರಡು ವಾರ ಅವರು ಕೆಟ್ಟ ವಿದ್ಯಾರ್ಥಿ. ನಾಲ್ಕು ನಿಮಿಷಕ್ಕೊಮ್ಮೆ "ಎಷ್ಟಾತ್ರೀ?" ಎನ್ನುವರು. ಪಕ್ಕದ ಅಮೆರಿಕನ್ ಮುದುಕ ಗೊರಕೆ ಹೊಡೆದರೆ, "ಇವ್ರಿಗೆ ಮೋಕ್ಷ ಸಿಕ್ತು, ಎಬ್ಬಸಬ್ಯಾಡ್ರಿ" ಎನ್ನುವರು. ಹಾಸ್ಟೆಲಿನಲ್ಲಿ ಇಂಥವರನ್ನು ತಿದ್ದಿದ ಅಭ್ಯಾಸ ನನಗಿತ್ತು. ಪ್ರತಿ ಸಲವೂ ಅದೇ ದನಿಯಲ್ಲಿ "ಮಾತಿಲ್ಲ" ಎನ್ನುತ್ತಿದ್ದೆ. ಮೂರನೆಯ ವಾರ ಅವರು ಮಾತು ನಿಲ್ಲಿಸಿದರು. ಐದನೆಯ ವಾರಕ್ಕೆ ಇಪ್ಪತ್ತು ನಿಮಿಷವೂ ಕಲ್ಲಿನಂತೆ ಕೂರತೊಡಗಿದರು. ನನಗೆ ಹೆಮ್ಮೆಯಾಯಿತು. ಅಷ್ಟು ಬೇಗ ಬಗ್ಗಿದ್ದು ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಭಜನೆಗೆ ಅಜ್ಜಿ ನನ್ನನ್ನು ಕರೆದೊಯ್ಯುತ್ತಿದ್ದಳು. ಒಬ್ಬ ಜವಳಿ ಅಂಗಡಿಯವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೆಲವು ದಿನ ಅವರ ಮುಖ ಕೆಂಪೇರಿ, ಹಣೆಯಲ್ಲಿ ಬೆವರು ಮೂಡಿ, ತೋಳಿನ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ಅಜ್ಜಿ ಬೆರಳು ತೋರಿಸಿ ಕಿವಿಯಲ್ಲಿ ಹೇಳುವಳು: "ನೋಡಲ್ಲಿ. ಬೆವರು, ರೋಮಾಂಚನ, ಕಣ್ಣೀರು. ಅವರಿಗೆ ಬಂತು. ಮುಟ್ಟಬಾರದು, ಮಾತಾಡಿಸಬಾರದು." ದೇವರ ಅನುಗ್ರಹ ತಾನಾಗಿ ಬರುವಂಥದು, ಕೇಳಿ ಪಡೆಯುವಂಥದಲ್ಲ ಎಂದೂ ಹೇಳುತ್ತಿದ್ದಳು. ನಲವತ್ತು ವರ್ಷ ದಿನಾ ನಾಲ್ಕೂವರೆಗೆ ಎದ್ದು ಕೂತ ನನಗೆ ಅದು ಒಮ್ಮೆಯೂ ಬಂದಿರಲಿಲ್ಲ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಫೆಬ್ರುವರಿಯ ಆ ಗುರುವಾರ ಹೊರಗೆ ಆರು ಡಿಗ್ರಿ ಫ್ಯಾರನ್ಹೀಟ್, ನೀರು ಕಲ್ಲಾಗುವ ಚಳಿ. ಕಿಟಕಿಯಾಚೆಯ ಕೊಳ ಹೆಪ್ಪುಗಟ್ಟಿತ್ತು. ಕೆನಡಾ ಬಾತುಗಳು ಅದರ ಮೇಲೆ ಅಲುಗಾಡದೆ ನಿಂತಿದ್ದವು. ಕೋಣೆಯ ಹೀಟರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಾಲ್ವರು ರೋಗಿಗಳಿದ್ದರು. ನಾನು ಎಲ್ಲರಿಗೂ ಹೊದಿಕೆ ಹಾಕಿದೆ. ಎಂಜಿನಿಯರರ ವೀಲ್‌ಚೇರಿನ ಬದಿಗೆ ಮೂತ್ರದ ಚೀಲ ನೇತಾಡುತ್ತಿತ್ತು. ನಾಲ್ಕು ಜನರ ಎದುರು ಅದು ಕಾಣಬಾರದೆಂದು ಯಾವಾಗಲೂ ಅದರ ಮೇಲೆ ಹೊದಿಕೆಯ ಅಂಚನ್ನು ಎಳೆಯುತ್ತಿದ್ದೆ. ಅವತ್ತು ಚಳಿ ಹೆಚ್ಚೆಂದು ಎರಡೂ ಅಂಚುಗಳನ್ನು ತೊಡೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದೆ. ಸುಕ್ಕಿಲ್ಲದಂತೆ ಕೈಯಿಂದ ಸವರಿದೆ. ಆರಾಮಾಗಿರಲೆಂದು ಕುರ್ಚಿಯ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದೆ.

"ಮಮ್ಮಿ ಮಲಗಿಸಿದಂಗ ಆತು," ಎಂದರು ಅವರು.

"ಮಾತಿಲ್ಲ," ಎಂದೆ. ಎರಡೂವರೆ. ಶುರು ಮಾಡಿದೆ.

ಎಂಟನೆಯ ನಿಮಿಷಕ್ಕೆ ಎಂದಿನಂತೆ ಕಣ್ಣು ತೆರೆದು ಎಲ್ಲರ ಮೇಲೆ ಒಂದು ಸುತ್ತು ನೋಡಿದೆ. ಎಂಜಿನಿಯರರ ಮುಖ ಕುತ್ತಿಗೆಯವರೆಗೂ ಕೆಂಪಾಗಿತ್ತು. ಆ ಚಳಿಯಲ್ಲಿ ಹಣೆಯ ಮೇಲೆ ಬೆವರ ಹನಿ ಸಾಲುಗಟ್ಟಿತ್ತು. ಹೊದಿಕೆಯ ಮೇಲೆ ಇಟ್ಟ ತೋಳುಗಳ ಕೂದಲು, ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆಯೆದ್ದು, ನೆಟ್ಟಗೆ ನಿಂತಿತ್ತು.

ನನ್ನ ನೋಟ್‌ಬುಕ್ ಚೀಲದಲ್ಲೇ ಇತ್ತು. ಐದು ಲಕ್ಷಣ ಬಾಯಿಪಾಠವಿತ್ತು. ಆದರೆ ಆ ಹೊತ್ತಿನಲ್ಲಿ ಕಣ್ಣ ಮುಂದೆ ಬಂದದ್ದು ಪಟ್ಟಿಯಲ್ಲ, ಅಜ್ಜಿಯ ಬೆರಳು. ಬಂತು, ಎಂದುಕೊಂಡೆ. ನನ್ನ ಎದುರೇ, ನಾನು ಕೂರಿಸಿದವರಿಗೇ ಬಂತು. ಹಿಂದಿನ ಕುರ್ಚಿಯಲ್ಲಿದ್ದ ಅವರ ಹೆಂಡತಿಯನ್ನು ನೋಡಿದೆ. ಅವರೂ ನೋಡಿದ್ದರು. ಅವರಿಗೂ ಆಸ್ಪತ್ರೆಯಲ್ಲಿ ಅದೇ ಪಾಠವಾಗಿತ್ತು, ಅದೇ ಐದು. ಅವರು ನನ್ನ ಮುಖ ನೋಡಿದರು, ನನ್ನ ಮುಖದಲ್ಲಿ ಏನು ಕಂಡರೋ, ಮೆಲ್ಲಗೆ ಕೈಮುಗಿದರು.

ಹತ್ತನೆಯ ನಿಮಿಷಕ್ಕೆ ಗಂಡನ ತುಟಿ ಅಲುಗಿತು.

"ಆಂಟಿ..."

"ಶ್. ಸುಮ್ಮನೆ ನೋಡ್ತಿರಿ."

ಅವರು ಸುಮ್ಮನಾದರು. ನಾನು ಹೇಳಿದ್ದನ್ನೇ ಮಾಡಿದರು. ಕಣ್ಣ ಮೂಲೆಯಿಂದ ನೀರು ಇಳಿಯಿತು. ಅದೂ ಅಜ್ಜಿಯ ಮಾತಿನಲ್ಲಿ ಇದ್ದದ್ದೇ. ಗಡಿಯಾರದ ಮುಳ್ಳು ಹದಿಮೂರು ದಾಟಿತು, ಹದಿನಾಲ್ಕು, ಹದಿನಾರು. ಕೋಣೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಹದಿನೇಳನೆಯ ನಿಮಿಷಕ್ಕೆ ಬಾಗಿಲ ಗಾಜಿನಲ್ಲಿ ಹೆಡ್ ನರ್ಸ್ ಮುಖ ಕಾಣಿಸಿತು. ಅವರು ಸುಮ್ಮನೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು. ಬಾಗಿಲು ಗೋಡೆಗೆ ಬಡಿಯಿತು. ನಾಲ್ಕು ಹೆಜ್ಜೆಗೆ ಬಂದು, ಒತ್ತಡ ಇಳಿಯಲೆಂದು ಕುರ್ಚಿಯ ಬೆನ್ನನ್ನು ಮೇಲೆತ್ತಿದರು, ಹೊದಿಕೆಯನ್ನು ಕಿತ್ತರು. ಅಂಚು ಸುಲಭವಾಗಿ ಬರಲಿಲ್ಲ, ಎರಡು ಸಲ ಎಳೆಯಬೇಕಾಯಿತು. ತೊಡೆಯ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು, ಮೂತ್ರದ ಕೊಳವೆ ಮುರಿದ ಹುಲ್ಲುಕಡ್ಡಿಯಂತೆ ಬಾಗಿತ್ತು. ಚೀಲ ಖಾಲಿ.

"ಎಷ್ಟು ಹೊತ್ತಾಯ್ತು?" ಅವರು ಕೂಗಲಿಲ್ಲ, ಕೇಳಿದರು.

"ಒಂಬತ್ತು ನಿಮಿಷ," ಎಂದೆ. ಕರಾರುವಾಕ್ಕಾಗಿ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನೋಡಲಿಲ್ಲ. ಕೊಳವೆ ನೇರವಾಗುತ್ತಲೇ ಚೀಲಕ್ಕೆ ನೀರು ಧಾರೆಯಾಗಿ ಇಳಿಯತೊಡಗಿತು. ಇನ್ನಿಬ್ಬರು ಓಡಿಬಂದರು. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದರು, ಮತ್ತೆ ನೋಡಿದರು, ಗಟ್ಟಿಯಾಗಿ ಅಂಕಿ ಹೇಳಿಕೊಂಡರು. ಉಳಿದ ಮೂವರು ರೋಗಿಗಳು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ಬಾಗಿಲು ಬಡಿದರೂ, ಒತ್ತಡ ನೋಡುವ ಯಂತ್ರ ಕಿರುಚಿದರೂ ತೆರೆದಿರಲಿಲ್ಲ. ನಾನು ಹೇಳದೆ ತೆರೆಯಬಾರದೆಂದು ಹೇಳಿಕೊಟ್ಟಿದ್ದೆನಲ್ಲ.

ಎಂಜಿನಿಯರರನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿದರು. ನರ ಒಡೆದಿರಲಿಲ್ಲ. ಶನಿವಾರ ವಾಪಸು ಬಂದರು. ಹೊದಿಕೆ ಸಿಕ್ಕಿಸಿದ್ದು ಯಾರು ಎಂಬ ಪ್ರಶ್ನೆ ವರದಿಯ ಫಾರಮಿನಲ್ಲಿತ್ತು. ನಾನು ಎಂದು ಬರೆದೆ. ಲಕ್ಷಣ ಕಂಡದ್ದು ಯಾವಾಗ, ಕರೆಯದಿದ್ದುದು ಯಾಕೆ ಎಂಬುದಕ್ಕೆ ಕೊಟ್ಟ ಜಾಗ ಎರಡು ಸಾಲು. ಅಜ್ಜಿಯ ವಿಷಯ ಎರಡು ಸಾಲಿಗೆ ಹಿಡಿಯಲಿಲ್ಲ. ಬೇರೆ ಹಾಳೆ ಕೇಳಿ ಪಡೆದು ಬರೆದೆ. ಧ್ಯಾನದ ತರಗತಿಯನ್ನು ನಿಲ್ಲಿಸಿದರು. ನ್ಯಾಯವೇ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹತ್ತು ದಿನದ ನಂತರ ಅವರ ಹೆಂಡತಿ ಲೊಂಬಾರ್ಡ್‌ಗೆ ಬಂದರು. ಕೈಯಲ್ಲಿ ಚಕ್ಕುಲಿಯ ಡಬ್ಬಿ. ಬೈಯಲು ಬಂದಿದ್ದಾರೆಂದು ನಾನು ಎದ್ದೇ ನಿಂತಿದ್ದೆ. ಅವರು ನನ್ನ ಕಾಲು ಮುಟ್ಟಲು ಬಗ್ಗಿದರು.

"ಆಂಟಿ, ಅವತ್ತು ಅವ್ರಿಗೆ ಕಾಲು ಗೊತ್ತಾಯ್ತಂತೆ. ಮಂಡಿ ತನಕ ಏನೋ ಹರಿದ ಹಾಗೆ ಆಯ್ತಂತೆ. ಇಷ್ಟು ತಿಂಗಳಲ್ಲಿ ಮೊದಲನೇ ಸಲ."

"ಅದು ಒತ್ತಡ ಏರಿದ್ದು ಕಣಮ್ಮ."

"ಡಾಕ್ಟ್ರೂ ಹಾಗೇ ಅಂತಾರೆ. ಆದ್ರೆ ನೀವೇ ನೋಡಿದ್ರಲ್ಲ? ನಿಮ್ ಮುಖ ನಾನ್ ನೋಡ್ದೆ. ನೀವು ಸುಮ್ಮನೆ ಇರೋರಲ್ಲ, ಏನೋ ಕಂಡೇ ಸುಮ್ಮನಿದ್ರಿ." ದನಿ ತಗ್ಗಿಸಿದರು. "ಆ ನರ್ಸ್ ಇನ್ನೊಂದು ಐದು ನಿಮಿಷ ಬರದೇ ಇದ್ದಿದ್ರೆ ಅಂತ ನಮಗಿಬ್ಬರಿಗೂ ಅನ್ಸತ್ತೆ. ಇನ್ನೊಂದ್ ಸಲ ಕೂರಿಸಿ ಆಂಟಿ. ಮುಂದಿನ ವಾರ ಡಿಸ್ಚಾರ್ಜ್. ಮನೇಲಿ ಯಾರೂ ಅಡ್ಡ ಬರಲ್ಲ."

ಅವರು ಕೊಟ್ಟ ಚಕ್ಕುಲಿಯ ಡಬ್ಬಿ ನನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ಯಾರೂ ಅಡ್ಡ ಬರುವುದಿಲ್ಲ ಎಂಬ ಮಾತು ಮಾತ್ರ ಕಿವಿಯಲ್ಲಿ ನಿಂತಿತು.

ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಹೆಡ್ ನರ್ಸಿಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಡಾಕ್ಟರ್ ಹೇಳಿದರು, ನಾನು ಹೇಳಿದೆ. ಅವರು ನಮ್ಮ ಮಾತು ಕೇಳ್ತಾರೆ, ನಂಬೋದು ನಿಮ್ಮನ್ನ," ಎಂದರು. "ನೀವೇ ಬಂದು ಹೇಳಿ."

ಮರುದಿನ ಹೋದೆ. ಅವರು ಮಂಚದಲ್ಲಿದ್ದರು, ಹೆಂಡತಿ ಪಕ್ಕದಲ್ಲಿ. ನಾನು ಸುತ್ತು ಬಳಸದೆ ಹೇಳಿದೆ. ಅಂದು ಬಂದದ್ದು ಯಾವ ಅನುಗ್ರಹವೂ ಅಲ್ಲ. ಕೊಳವೆ ಮಡಿಸಿದ್ದು ನಾನು, ಈ ಕೈ. ನೋಡಿಯೂ ತಿಳಿಯದೆ ಕೂತದ್ದು ನಾನು. ನಲವತ್ತು ವರ್ಷದಿಂದ ಕಾಯುತ್ತಿದ್ದದ್ದು ಕಂಡಿತೆಂಬ ಆಸೆಯಲ್ಲಿ ನಿಮ್ಮನ್ನು ಸಾಯಿಸುತ್ತಿದ್ದೆ. ಹೊದಿಕೆಯನ್ನೂ ಕೊಳವೆಯನ್ನೂ ತೋರಿಸಿ, ಹೇಗಾಯಿತೆಂದು ಅವರ ಕಣ್ಣೆದುರೇ ಮಡಿಸಿ, ಬಿಡಿಸಿ ತೋರಿಸಿದೆ.

"ಮತ್ತ ನನ್ನ ಕಾಲು?" ಎಂದರು ಅವರು.

"ಕಾಲು ಬಂದಿರಲಿಲ್ಲ."

ಅವರು ಚಾವಣಿ ನೋಡುತ್ತಿದ್ದರು. ನಗೆಚಾಟಿಕೆ ಏನಾದರೂ ಬರುತ್ತದೆಂದು ಕಾದೆ, ಬರಲಿಲ್ಲ.

"ಆತ್ರೀ ಆಂಟಿ. ತಿಳೀತು," ಎಂದರು.

ಹೆಂಡತಿಯೂ ಹೇಳಿದರು, "ಸರಿ ಆಂಟಿ. ಇನ್ನು ಕೇಳಲ್ಲ."

ಕಾರಿನಲ್ಲಿ ಕೂತ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹಾಸ್ಟೆಲಿನಲ್ಲಿ ವಾದ ಮಾಡಿದ ಹುಡುಗಿಯರ ಬಗ್ಗೆ ನನಗೆ ಚಿಂತೆಯಿರುತ್ತಿರಲಿಲ್ಲ. ಅಷ್ಟು ಬೇಗ "ಆಯ್ತು ಮೇಡಂ" ಎಂದವರ ಟ್ರಂಕನ್ನೇ ನಾನು ಮೊದಲು ತೆರೆಸುತ್ತಿದ್ದೆ.

ಡಿಸ್ಚಾರ್ಜ್ ಆದ ಮೇಲೆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಅವರ ಮನೆಗೆ ಬರುತ್ತೇನೆಂದು ಹೇಳಿದ್ದೆ. ಧ್ಯಾನಕ್ಕಲ್ಲ, ಸುಮ್ಮನೆ ಮಾತಾಡಿಸಲು. ಹಾಫ್‌ಮನ್ ಎಸ್ಟೇಟ್ಸ್‌ನ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ತರಹ. ಅವರದನ್ನು ಗುರುತಿಸಿದ್ದು ಗೋಡೆಗೆ ಒರಗಿಸಿದ ಏಣಿಯಿಂದ. ಅದನ್ನು ಯಾರೂ ಒಳಗಿಟ್ಟಿರಲಿಲ್ಲ. ಮೊದಲ ಮಂಗಳವಾರ ಎಲ್ಲ ಸರಿಯಿತ್ತು. ಎರಡನೆಯದೂ. ಮನೆಗೆ ಬರುವ ನರ್ಸ್ ಬೆಳಿಗ್ಗೆ ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತಾರೆಂದು ಹೇಳಿದರು.

ಮೂರನೆಯ ಮಂಗಳವಾರ ದಾರಿ ಖಾಲಿಯಿತ್ತು. ಹತ್ತು ನಿಮಿಷ ಮುಂಚೆಯೇ ತಲುಪಿದೆ. ಬಾಗಿಲು ತೆರೆದ ಹೆಂಡತಿ ನನ್ನ ಹಿಂದೆ ಗಡಿಯಾರ ಹುಡುಕುವವರಂತೆ ನೋಡಿದರು.

"ಬೇಗ ಬಂದ್ರಿ ಆಂಟಿ."

ಹಾಲ್‌ನಲ್ಲಿ ಊದುಬತ್ತಿ ಹಚ್ಚಿತ್ತು. ಅವರು ವೀಲ್‌ಚೇರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕುರ್ಚಿಯ ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿತ್ತು. ಹೊದಿಕೆಯ ಅಂಚುಗಳನ್ನು ಎರಡೂ ತೊಡೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿತ್ತು. ಸುಕ್ಕಿರಲಿಲ್ಲ. ನನ್ನ ಕೈಯ ಕೆಲಸವೇ ಎನ್ನುವಷ್ಟು ಅಚ್ಚುಕಟ್ಟಾಗಿತ್ತು.

ಚಪ್ಪಲಿಯಲ್ಲೇ ಒಳಗೆ ನುಗ್ಗಿದೆ. ಹೊದಿಕೆ ಕಿತ್ತೆ. ಕೊಳವೆಯನ್ನು ಬೆರಳಿನಿಂದ ತಡವಿ ನೇರ ಮಾಡಿದೆ. ಕುರ್ಚಿಯ ಬೆನ್ನೆತ್ತಿದೆ. ಮುಖ ಇನ್ನೂ ಕೆಂಪಾಗಿರಲಿಲ್ಲ. ಹಣೆ ಒಣಗಿತ್ತು. ಚೀಲಕ್ಕೆ ನೀರು ಇಳಿಯುವ ಸದ್ದು ಕೇಳುವವರೆಗೂ ಮಂಡಿಯೂರಿ ಅಲ್ಲೇ ಕೂತೆ.

"ಮುಖ ಕೆಂಪಾದ್ಮೇಲೆ ಐದೇ ನಿಮಿಷ ಅಂದ್ಕೊಂಡಿದ್ವಿ," ಎಂದರು ಹೆಂಡತಿ, ಅಳುತ್ತಾ. "ಅಷ್ಟರಲ್ಲಿ ನೀವು ಬರ್ತೀರಲ್ಲ ಅಂತ. ನೀವು ಟೈಮ್ ತಪ್ಪಲ್ಲ. ಆ ಧೈರ್ಯ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಹೊಟ್ಟೆ ತುಂಬುವ ಮೊದಲೇ ಎಲೆ ಎತ್ತಿದವರನ್ನು ನೋಡುವ ಹಾಗೆ ನೋಡಿದರು.

ಅವರ ಎದುರೇ ಹೆಡ್ ನರ್ಸಿಗೆ ಫೋನ್ ಮಾಡಿದೆ. ಮನೆಗೆ ಬರುವ ನರ್ಸಿಗೂ ತಿಳಿಸಿದೆ. ಮನಸ್ಸಿನ ವೈದ್ಯರನ್ನು ಕಳಿಸುತ್ತೇವೆ, ಶುಕ್ರವಾರ ಎಂದರು. ಅವತ್ತು ಮಂಗಳವಾರ. ಹೊದಿಕೆಯನ್ನು ಮಡಿಸಿ ನನ್ನ ಚೀಲದಲ್ಲಿ ಹಾಕಿಕೊಂಡೆ. ಆ ಮನೆಯಲ್ಲಿ ಇನ್ನೆಷ್ಟು ಹೊದಿಕೆಗಳಿವೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಇನ್ನು ದಿನಾ ಬರ್ತೀನಿ," ಎಂದೆ.

"ಎಷ್ಟಕ್ಕ ಬರ್ತೀರಿ ಆಂಟಿ?" ಅವರು ಮೆಲ್ಲಗೆ ಕೇಳಿದರು.

ಎಪ್ಪತ್ತೊಂದು ವರ್ಷ ನಾನು ಹೇಳಿದ ಹೊತ್ತಿಗೆ ಹೇಳಿದ ಕಡೆ ಇದ್ದವಳು.

"ಹೇಳಲ್ಲ," ಎಂದೆ.